ಡೊಕುವಿಕಿ ಪುಟದ ವಿನ್ಯಾಸ ಬದಲಿಸುವುದು: ಯಾವ ಫೈಲು ಮುಟ್ಟಬೇಕು, ಯಾವುದನ್ನು ಬಿಡಬೇಕು

ಪ್ರಶ್ನೆ: ನಾವು ಪೊನ್ನಂಪೇಟೆ ಕಡೆಯ ಕಾಫಿ ಬೆಳೆಗಾರರ ಸಣ್ಣ ಗುಂಪು. ಮಳೆ ಲೆಕ್ಕ, ಕಾಫಿ–ಕರಿಮೆಣಸಿನ ಕೆಲಸದ ಟಿಪ್ಪಣಿ, ಸುತ್ತಲಿನ ದೇವರಕಾಡುಗಳ ಮರಗಳ ವಿವರ ಎಲ್ಲವನ್ನೂ ಡೊಕುವಿಕಿಯಲ್ಲಿ (ಹಲವರು ಸೇರಿ ಬ್ರೌಸರ್‌ನಿಂದಲೇ ಪುಟ ಬರೆದು ತಿದ್ದುವ ತಂತ್ರಾಂಶ) ಇಟ್ಟುಕೊಂಡಿದ್ದೇವೆ. ಹಿಂದೆ ಗುಂಪಿನ ಹುಡುಗನೊಬ್ಬ ಪುಟದ ಚೌಕಟ್ಟು ಕಟ್ಟುವ ಮೇನ್.ಪಿಎಚ್‌ಪಿ ಎಂಬ ಫೈಲು ತಿದ್ದಿ ಮೇಲ್ಗಡೆ ತೋಟದ ಫೋಟೊ, ಬದಿಯಲ್ಲಿ ಮೆನು ಹಾಕಿಕೊಟ್ಟಿದ್ದ. ಹೊಸ ಆವೃತ್ತಿ ಹಾಕಿದಾಗ ಅದೆಲ್ಲ ಮಾಯವಾಯಿತು. ಎತ್ತಿಟ್ಟಿದ್ದ ಹಳೆಯ ಮೇನ್.ಪಿಎಚ್‌ಪಿ ವಾಪಸು ಹಾಕಿದರೆ ಬರೀ ಬಿಳಿ ಪುಟ. ಇನ್ನೊಬ್ಬರು ಅದರಲ್ಲಿ ಬೇಡದ್ದನ್ನೆಲ್ಲ ಕತ್ತರಿಸಿದ ಮೇಲೆ ಪುಟವೇನೋ ಬರುತ್ತಿದೆ, ಆದರೆ ಹೊಸದಾಗಿ ಬರೆದ ಪುಟಗಳು ಹುಡುಕಿದರೆ ಸಿಗುವುದಿಲ್ಲ. ಫೋನಿನಲ್ಲಿ ಹನ್ನೆರಡು ತಿಂಗಳ ಮಳೆ ಪಟ್ಟಿ ಪರದೆಯಿಂದ ಆಚೆ ಹೋಗುತ್ತದೆ. ಮಳೆ, ಕಾಫಿ, ದೇವರಕಾಡು ಮೂರಕ್ಕೂ ಬೇರೆ ಬೇರೆ ಮೆನು ಬೇಕು. ಎಲ್ಲಿಂದ ಶುರುಮಾಡೋಣ?

ಉತ್ತರ: ಮೇನ್.ಪಿಎಚ್‌ಪಿಯನ್ನು ಸದ್ಯಕ್ಕೆ ಮರೆತುಬಿಡಿ. ನೀವು ಕೇಳಿರುವುದರಲ್ಲಿ ಮುಕ್ಕಾಲು ಪಾಲು ಅದನ್ನು ತೆರೆಯದೆಯೇ ಆಗುವ ಕೆಲಸ. ಬಿಳಿ ಪುಟ ಮತ್ತು ಹುಡುಕಾಟದ ತೊಂದರೆ ಎರಡೂ ಅದನ್ನು ಮುಟ್ಟಿದ್ದರಿಂದಲೇ ಬಂದವು.

ಒಂದು ಸೂಚನೆ: ಫೈಲು, ಫೋಲ್ಡರ್, ಫಂಕ್ಷನ್ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರಲಿ. ಚುಕ್ಕಿ, ಅಡಿಗೆರೆ, ಓರೆಗೆರೆ ಇಲ್ಲಿರುವ ಹಾಗೆಯೇ ಇರಲಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಡೊಕುವಿಕಿಯ ಜೊತೆಗೇ ಬರುವ ಟೆಂಪ್ಲೇಟು (ಪುಟದ ರೂಪ ನಿರ್ಧರಿಸುವ ಫೈಲುಗಳ ಕಟ್ಟು) ಲಿಬ್/ಟಿಪಿಎಲ್/ಡೊಕುವಿಕಿ ಫೋಲ್ಡರ್‌ನಲ್ಲಿದೆ. ಆವೃತ್ತಿ ಏರಿಸುವುದು ಎಂದರೆ ಹೊಸ ಫೈಲುಗಳನ್ನು ಹಳೆಯವುಗಳ ಮೇಲೆ ಬರೆಯುವುದು. ಆ ಫೋಲ್ಡರ್‌ನಲ್ಲಿ ಏನು ತಿದ್ದಿದ್ದರೂ ಅದು ಅಳಿಸಿಹೋಗುತ್ತದೆ, ಇದರಲ್ಲಿ ಅಚ್ಚರಿ ಏನಿಲ್ಲ. ಡೇಟಾ ಫೋಲ್ಡರ್‌ನಲ್ಲಿರುವ ನಿಮ್ಮ ಪುಟಗಳು, ಚಿತ್ರಗಳು, ಕಾನ್ಫ್ ಫೋಲ್ಡರ್‌ನಲ್ಲಿ ನೀವು ಹೊಸದಾಗಿ ಸೇರಿಸಿದ ಫೈಲುಗಳು, ಲಿಬ್/ಟಿಪಿಎಲ್ ಒಳಗೆ ಬೇರೆ ಹೆಸರಿನಲ್ಲಿ ಇರುವ ಟೆಂಪ್ಲೇಟುಗಳು ಹಾಗೇ ಉಳಿಯುತ್ತವೆ. ಹಾಗಾಗಿ ಬದಲಾವಣೆಯನ್ನು ಈ ಮೂರು ಜಾಗದಲ್ಲಿ ಮಾತ್ರ ಇಡಬೇಕು. ಕ್ರಮವೂ ಮುಖ್ಯ: ವಿಕಿಯ ಒಳಗಿನಿಂದಲೇ ಆಗುವುದನ್ನು ಒಳಗಿನಿಂದಲೇ ಮಾಡಿ, ಆಗದಿದ್ದರೆ ಸಿಎಸ್‌ಎಸ್ (ಬಣ್ಣ, ಗಾತ್ರ, ಜೋಡಣೆಯ ನಿಯಮಗಳ ಫೈಲು), ಅದೂ ಸಾಲದಿದ್ದರೆ ಹುಕ್ ಫೈಲು (ಟೆಂಪ್ಲೇಟು ನಿಗದಿತ ಜಾಗದಲ್ಲಿ ಸೇರಿಸಿಕೊಳ್ಳುವ ತುಣುಕು), ಟೆಂಪ್ಲೇಟಿನ ನಕಲು ಕಟ್ಟಕಡೆಗೆ. ಮೇಲಿನ ಹಂತದಲ್ಲಿ ಮುಗಿಯುವ ಕೆಲಸಕ್ಕೆ ಕೆಳಗೆ ಇಳಿದಷ್ಟೂ ಮುಂದಿನ ಆವೃತ್ತಿಗಳಲ್ಲಿ ನಿಮಗೇ ಕೆಲಸ ಹೆಚ್ಚು.

ವಿಕಿಯ ಒಳಗಿನಿಂದಲೇ ಆಗುವುದು ಏನೇನು? ಲೋಗೊ ಬದಲಿಸಲು ಲೋಗೊ.ಪಿಎನ್‌ಜಿ ಅಥವಾ ಲೋಗೊ.ಎಸ್‌ವಿಜಿ ಎಂಬ ಹೆಸರಿನ ಚಿತ್ರವನ್ನು ಮೀಡಿಯಾ ಮ್ಯಾನೇಜರ್‌ನಿಂದ ಮೂಲ ನೇಮ್‌ಸ್ಪೇಸ್‌ಗೆ (ನೇಮ್‌ಸ್ಪೇಸ್ ಎಂದರೆ ಪುಟಗಳನ್ನು ಇಡುವ ವಿಭಾಗ, ಫೋಲ್ಡರ್ ಇದ್ದಂತೆ) ಅಥವಾ ವಿಕಿ ಎಂಬ ನೇಮ್‌ಸ್ಪೇಸ್‌ಗೆ ಏರಿಸಿದರೆ ಸಾಕು, ಟೆಂಪ್ಲೇಟು ತಾನೇ ಅಲ್ಲಿ ಹುಡುಕಿ ತೆಗೆದುಕೊಳ್ಳುತ್ತದೆ. ಬ್ರೌಸರ್ ಟ್ಯಾಬಿನ ಸಣ್ಣ ಚಿಹ್ನೆಗೂ ಇದೇ ದಾರಿ, ಹೆಸರು ಫೆವಿಕಾನ್.ಐಸಿಒ. ಬಣ್ಣ, ಪುಟದ ಅಗಲ, ಸೈಡ್‌ಬಾರ್ (ಬದಿಯ ಮೆನು ಅಂಕಣ) ಅಗಲ ಇವಕ್ಕೆ ಅಡ್ಮಿನ್ ಪುಟದಲ್ಲಿ ಟೆಂಪ್ಲೇಟಿನ ಸ್ಟೈಲ್ ಸೆಟ್ಟಿಂಗ್ ಇದೆ. ಮೊದಲಿಗೆ ಪುಟದ ಅಗಲ 75 ಇಎಂ (ಅಕ್ಷರದ ಗಾತ್ರಕ್ಕೆ ತಕ್ಕಂತೆ ಬದಲಾಗುವ ಅಳತೆ), ಸೈಡ್‌ಬಾರ್ 16 ಇಎಂ ಇರುತ್ತದೆ. ಟ್ಯಾಬ್ಲೆಟ್ ಎಂದು ಎಣಿಸುವ ಮಿತಿ 800 ಪಿಕ್ಸೆಲ್, ಫೋನ್ ಎಂದು ಎಣಿಸುವ ಮಿತಿ 480. ಅಲ್ಲಿ ಬದಲಿಸಿದ್ದು ಕಾನ್ಫ್/ಟಿಪಿಎಲ್/ಡೊಕುವಿಕಿ/ಸ್ಟೈಲ್.ಐಎನ್ಐ ಎಂಬ ಬೇರೆ ಫೈಲಿನಲ್ಲಿ ಉಳಿಯುತ್ತದೆ, ಟೆಂಪ್ಲೇಟಿನ ಸ್ವಂತ ಸ್ಟೈಲ್.ಐಎನ್ಐ ಹಾಗೇ ಇರುತ್ತದೆ.

ಇನ್ನು ಮೆನು. ನಿಮ್ಮ ಮೂರು ವಿಭಾಗಗಳಿಗೆ ಮೂರು ಮೆನು ಬೇಕೆಂದರೆ ಒಂದು ಸಾಲು ಕೋಡೂ ಬೇಡ. ಟೆಂಪ್ಲೇಟು ಪ್ರತಿ ಪುಟ ತೋರಿಸುವಾಗಲೂ ಸೈಡ್‌ಬಾರ್ ಎಂಬ ಹೆಸರಿನ ಪುಟ ಆ ನೇಮ್‌ಸ್ಪೇಸ್‌ನಲ್ಲಿ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಒಂದು ಮೆಟ್ಟಿಲು ಮೇಲಿನ ನೇಮ್‌ಸ್ಪೇಸ್, ಅಲ್ಲೂ ಇಲ್ಲದಿದ್ದರೆ ಅದರ ಮೇಲಿನದು, ಹೀಗೆ ಮೂಲದವರೆಗೆ ಹೋಗುತ್ತದೆ. ಅಂದರೆ ಮಳೆ ನೇಮ್‌ಸ್ಪೇಸ್‌ನಲ್ಲಿ ಒಂದು ಸೈಡ್‌ಬಾರ್ ಪುಟ, ಕಾಫಿಯಲ್ಲಿ ಒಂದು, ದೇವರಕಾಡಿನಲ್ಲಿ ಒಂದು, ಮೂಲದಲ್ಲಿ ಒಂದು ಬರೆದಿಟ್ಟರೆ ಕೆಲಸ ಮುಗಿಯಿತು. ನೇಮ್‌ಸ್ಪೇಸ್ ಹೆಸರು ಕನ್ನಡದಲ್ಲಿರಬಹುದು. ಸೈಡ್‌ಬಾರ್ ಪುಟದ ಹೆಸರು ಮಾತ್ರ ಕಾನ್ಫಿಗರೇಷನ್‌ನಲ್ಲಿ ಏನಿದೆಯೋ ಅದೇ ಆಗಿರಬೇಕು.

ಇಲ್ಲಿ ಎಡವುವ ಜಾಗಗಳು ಮೂರು. ಮೊದಲನೆಯದು, ಹತ್ತಿರದ ಸೈಡ್‌ಬಾರ್ ಸಿಕ್ಕಿದ ಕೂಡಲೇ ಹುಡುಕಾಟ ನಿಲ್ಲುತ್ತದೆ. ಮೇಲಿನದು ಇದರ ಜೊತೆ ಸೇರಿಕೊಳ್ಳುವುದಿಲ್ಲ. ಮುಖಪುಟ, ಸಂಪರ್ಕ ಮುಂತಾದ ಎಲ್ಲೆಡೆ ಬೇಕಾದ ಲಿಂಕುಗಳನ್ನು ಪ್ರತಿಯೊಂದರಲ್ಲೂ ಬರೆಯುವ ಬದಲು ಮುಂದೆ ಹೇಳುವ ಸೈಡ್‌ಬಾರ್‌ಹೆಡರ್ ಹುಕ್‌ನಲ್ಲಿ ಒಮ್ಮೆ ಹಾಕಿ. ಎರಡನೆಯದು, ಸೈಡ್‌ಬಾರ್ ಒಳಗಿನ ಲಿಂಕುಗಳನ್ನು ಯಾವಾಗಲೂ ಕೋಲನ್ ಚಿಹ್ನೆಯಿಂದ, ಮೂಲದಿಂದ ಹಿಡಿದು ಪೂರ್ತಿ ಬರೆಯಿರಿ. ಅರ್ಧ ಹೆಸರು ಬರೆದರೆ ಒಂದು ಸೈಡ್‌ಬಾರ್‌ನಲ್ಲಿ ಸರಿಯಾಗಿ ಹೋದ ಲಿಂಕು ಇನ್ನೊಂದು ನೇಮ್‌ಸ್ಪೇಸ್‌ನ ಸೈಡ್‌ಬಾರ್‌ಗೆ ನಕಲಿಸಿದಾಗ ಇಲ್ಲದ ಪುಟಕ್ಕೆ ಹೋಗಬಹುದು. ಮೂರನೆಯದು ಅನುಮತಿ. ಒಂದು ಸೈಡ್‌ಬಾರ್ ಪುಟವನ್ನು ಓದುವ ಅನುಮತಿ ಇಲ್ಲದವರಿಗೆ ಆ ಸೈಡ್‌ಬಾರ್ ಕಾಣುವುದಿಲ್ಲ, ಮೆನು ಕೆಟ್ಟಿದೆ ಎಂದು ದೂರು ಬರುತ್ತದೆ. ಎಲ್ಲರಿಗೂ ತಿದ್ದುವ ಅನುಮತಿ ಇದ್ದರೆ ಇನ್ನೊಂದು ಬಗೆಯ ದೂರು. ನಾಲ್ಕು ಸೈಡ್‌ಬಾರ್ ಪುಟಗಳಿಗೂ ಎಲ್ಲರಿಗೂ ಓದು, ಅಡ್ಮಿನ್‌ಗೆ ಮಾತ್ರ ತಿದ್ದು ಎಂದು ಎಸಿಎಲ್‌ನಲ್ಲಿ (ಯಾರಿಗೆ ಏನು ಅನುಮತಿ ಎಂಬ ಪಟ್ಟಿ) ಪುಟದ ಮಟ್ಟದಲ್ಲೇ ಹಾಕಿ.

ಪುಟ ತಿದ್ದುವಾಗ ಸೈಡ್‌ಬಾರ್ ಮಾಯವಾಗುವುದು ದೋಷವಲ್ಲ. ಪುಟ ಓದುವ ಸ್ಥಿತಿಯಲ್ಲಿ ಮಾತ್ರ ಅದನ್ನು ತೋರಿಸುವಂತೆ ಟೆಂಪ್ಲೇಟಿನಲ್ಲೇ ಬರೆದಿದೆ.

ಮಳೆಯ ಸೈಡ್‌ಬಾರ್ ಅಡಿಯಲ್ಲಿ ಅಳತೆಯ ನಿಯಮ ಒಂದೆರಡು ಸಾಲು ಹಾಕಿಬಿಡಿ: ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ ಒಂದು ದಿನ, 100 ಸೆಂಟಿಗೆ ಒಂದು ಇಂಚು, ಒಂದು ಇಂಚು ಎಂದರೆ 25.4 ಮಿ.ಮೀ. ತೋಟದ ಲೆಕ್ಕ ಇಂಚು–ಸೆಂಟಿನಲ್ಲಿ, ಹವಾಮಾನ ಇಲಾಖೆಯ ಲೆಕ್ಕ ಮಿಲಿಮೀಟರಿನಲ್ಲಿ ಇರುವುದರಿಂದ ಹೊಸಬರು ಎರಡನ್ನೂ ಒಂದೇ ಅಂಕಣದಲ್ಲಿ ತುಂಬಿಸುವುದು ಇದರಿಂದ ಕಡಿಮೆಯಾಗುತ್ತದೆ.

ಕನ್ನಡದ ಹೆಸರಿಟ್ಟಾಗ ಇನ್ನೊಂದು ವಿಷಯ ನೆನಪಿರಲಿ, ವಿನ್ಯಾಸಕ್ಕೆ ನೇರ ಸಂಬಂಧವಿಲ್ಲದಿದ್ದರೂ. ಡೊಕುವಿಕಿ ಪುಟದ ಹೆಸರನ್ನೇ ಫೈಲಿನ ಹೆಸರಾಗಿ, ಶೇಕಡಾ ಚಿಹ್ನೆಗಳ ಸಂಕೇತಕ್ಕೆ ಬದಲಿಸಿ ಉಳಿಸುತ್ತದೆ. ಕನ್ನಡದ ಒಂದೊಂದು ಯುನಿಕೋಡ್ ಸಂಕೇತಕ್ಕೂ 9 ಅಕ್ಷರ ಜಾಗ ಬೇಕು, ಗುಣಿತದ ಚಿಹ್ನೆ, ಒತ್ತಿನ ವಿರಾಮ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಲಿನಕ್ಸ್ ಸರ್ವರ್‌ನಲ್ಲಿ ಫೈಲಿನ ಹೆಸರಿಗೆ 255 ಬೈಟಿನ ಮಿತಿ ಇದೆ. ಹಳೆಯ ಪ್ರತಿಗಳ ಹೆಸರಿಗೆ ಸೇರುವ ಸಮಯದ ಅಂಕಿಗಳನ್ನೂ ಕಳೆದರೆ ಸುಮಾರು 26 ಸಂಕೇತ ಉಳಿಯುತ್ತದೆ. ಉದ್ದ ಶೀರ್ಷಿಕೆಯ ಪುಟ ಉಳಿಯುವುದಿಲ್ಲ ಎಂಬ ದೂರು ಬಂದರೆ ಕಾರಣ ಇದೇ ಇರಬಹುದು. ಪುಟದ ಹೆಸರು ಚಿಕ್ಕದಿರಲಿ, ಒಳಗಿನ ಶೀರ್ಷಿಕೆ ಎಷ್ಟುದ್ದವಾದರೂ ಇರಲಿ. ಸಂಕೇತದ ವಿಧಾನ ಬದಲಿಸುವ ಆಯ್ಕೆ ಕಾನ್ಫಿಗರೇಷನ್‌ನಲ್ಲಿ ಇದೆ. ಆದರೆ ಪುಟಗಳು ತುಂಬಿದ ಮೇಲೆ ಅದನ್ನು ಮುಟ್ಟಿದರೆ ಹಳೆಯ ಫೈಲುಗಳ ಹೆಸರು ತಾನಾಗಿ ಬದಲಾಗುವುದಿಲ್ಲ, ಪುಟಗಳೇ ಕಳೆದುಹೋದಂತೆ ಕಾಣುತ್ತವೆ.

ಮುಂದಿನ ಹಂತ ಸಿಎಸ್‌ಎಸ್. ಕಾನ್ಫ್ ಫೋಲ್ಡರ್‌ನಲ್ಲಿ ಯೂಸರ್‌ಸ್ಟೈಲ್.ಸಿಎಸ್‌ಎಸ್ ಎಂಬ ಹೊಸ ಫೈಲು ಮಾಡಿ. ಯಾವ ಟೆಂಪ್ಲೇಟು ಇದ್ದರೂ ಇದು ಅದರ ಮೇಲೆ, ಕೊನೆಯಲ್ಲಿ ಬಂದು ಕೂರುತ್ತದೆ. ಮುದ್ರಣಕ್ಕೆ ಮಾತ್ರ ಬೇಕಾದದ್ದು ಯೂಸರ್‌ಪ್ರಿಂಟ್.ಸಿಎಸ್‌ಎಸ್‌ಗೆ ಹೋಗಲಿ.

ಮೊದಲು ಅಕ್ಷರ. ಡೊಕುವಿಕಿಯ ಮೂಲ ಟೆಂಪ್ಲೇಟಿನಲ್ಲಿ ಅಕ್ಷರದ ಗಾತ್ರ ಶೇ. 87.5, ಅಂದರೆ 14 ಪಿಕ್ಸೆಲ್. ಸಾಲಿನ ಎತ್ತರ 1.4. ಇಂಗ್ಲಿಷಿಗೆ ಇದು ಸಾಕು. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಗಾತ್ರ ಶೇ. 100, ಸಾಲಿನ ಎತ್ತರ 1.7 ಮಾಡಿ. ಶೀರ್ಷಿಕೆಗಳಿಗೂ ಕನಿಷ್ಠ 1.4 ಕೊಡಿ, ಇಲ್ಲವಾದರೆ ಒತ್ತು ಅರ್ಧಕ್ಕೆ ಕತ್ತರಿಸಿದಂತೆ ಕಾಣಬಹುದು. ಫಾಂಟ್ ಸಾಲಿನಲ್ಲಿ ಮೊದಲು ನೋಟೊ ಸಾನ್ಸ್ ಕನ್ನಡ, ಆಮೇಲೆ ನಿರ್ಮಲಾ ಯುಐ, ಆಮೇಲೆ ತುಂಗಾ, ಕೊನೆಗೆ ಸಾನ್ಸ್-ಸೆರಿಫ್. ಇವು ಆಂಡ್ರಾಯ್ಡ್ ಫೋನುಗಳಲ್ಲೂ ವಿಂಡೋಸ್‌ನಲ್ಲೂ ಮೊದಲೇ ಇರುವುದರಿಂದ ಇಂಟರ್‌ನೆಟ್‌ನಿಂದ ಫಾಂಟ್ ಇಳಿಸುವ ಭಾರ ಬೇಡ. ಲೆಟರ್-ಸ್ಪೇಸಿಂಗ್ (ಅಕ್ಷರಗಳ ನಡುವಿನ ಅಂತರ) ಯಾವ ಕಾರಣಕ್ಕೂ ಹಾಕಬೇಡಿ. ಉದ್ದ ಪದ ಪರದೆ ದಾಟುತ್ತಿದ್ದರೆ ಓವರ್‌ಫ್ಲೋ-ರ‍್ಯಾಪ್‌ಗೆ ಬ್ರೇಕ್-ವರ್ಡ್ ಕೊಡಿ. ವರ್ಡ್-ಬ್ರೇಕ್‌ಗೆ ಬ್ರೇಕ್-ಆಲ್ ಕೊಟ್ಟರೆ ಜಾಗವಿದ್ದ ಪದಗಳೂ ಎಲ್ಲೆಂದರಲ್ಲಿ ತುಂಡಾಗುತ್ತವೆ.

ಮಳೆ ಪಟ್ಟಿ. ಡೊಕುವಿಕಿ ಪ್ರತಿ ಪಟ್ಟಿಯ ಸುತ್ತ ಟೇಬಲ್ ಎಂಬ ಕ್ಲಾಸಿನ (ಸಿಎಸ್‌ಎಸ್ ಗುರುತಿಸುವ ಹೆಸರು) ಒಂದು ಡಿವ್ (ಪುಟದ ಒಂದು ಭಾಗವನ್ನು ಸುತ್ತುವ ಚೌಕಟ್ಟು) ಹಾಕಿರುತ್ತದೆ. ಅದಕ್ಕೆ ಓವರ್‌ಫ್ಲೋ-ಎಕ್ಸ್: ಆಟೋ ಕೊಟ್ಟರೆ ಪುಟ ನಿಂತಲ್ಲೇ ನಿಂತು ಪಟ್ಟಿ ಮಾತ್ರ ಪಕ್ಕಕ್ಕೆ ಸರಿಯುತ್ತದೆ. ಆದರೆ ಆಗಸ್ಟ್ ಅಂಕಣಕ್ಕೆ ಸರಿಸುವಷ್ಟರಲ್ಲಿ ಅದು ಯಾವ ತಾರೀಕಿನ ಸಾಲು ಎಂಬುದು ಕಣ್ಣಿಂದ ಮರೆಯಾಗಿರುತ್ತದೆ. ಪಟ್ಟಿಯ ಪ್ರತಿ ಕೋಶಕ್ಕೂ ಅಂಕಣದ ಸಂಖ್ಯೆಯ ಕ್ಲಾಸ್ ಇರುತ್ತದೆ: ಮೊದಲನೆಯದು ಕೋಲ್0, ಮುಂದಿನದು ಕೋಲ್1. ಕೋಲ್0ಗೆ ಪೊಸಿಷನ್: ಸ್ಟಿಕಿ, ಲೆಫ್ಟ್: 0, ಜೊತೆಗೆ ಒಂದು ಗಟ್ಟಿ ಹಿನ್ನೆಲೆ ಬಣ್ಣ ಕೊಡಿ, ತಾರೀಕಿನ ಅಂಕಣ ಎಡಕ್ಕೆ ಅಂಟಿಕೊಳ್ಳುತ್ತದೆ. ಹಿನ್ನೆಲೆ ಬಣ್ಣ ಬಿಟ್ಟರೆ ಕೆಳಗೆ ಸರಿಯುವ ಅಂಕಿಗಳು ತಾರೀಕಿನ ಮೇಲೆಯೇ ಮೂಡಿ ಗೋಜಲಾಗುತ್ತದೆ. ಇದು ವಿಕಿಯ ಎಲ್ಲ ಪಟ್ಟಿಗಳಿಗೂ ತಗಲುತ್ತದೆ ಎಂಬುದು ನೆನಪಿರಲಿ. ಸಾಮಾನ್ಯವಾಗಿ ಅದರಿಂದ ತೊಂದರೆಯಿಲ್ಲ.

ಸೈಡ್‌ಬಾರ್ ಎಡದಿಂದ ಬಲಕ್ಕೆ ಬೇಕೆನ್ನುವವರು ಬಹಳ. ಸೈಡ್‌ಬಾರ್‌ನ ಐಡಿ ಡೊಕುವಿಕಿ__ಅಸೈಡ್, ಪುಟದ್ದು ಡೊಕುವಿಕಿ__ಕಂಟೆಂಟ್. ಎರಡರಲ್ಲೂ ನಡುವೆ ಎರಡು ಅಡಿಗೆರೆ. ಮೂಲದಲ್ಲಿ ಸೈಡ್‌ಬಾರ್ ಎಡಕ್ಕೂ ಪುಟ ಬಲಕ್ಕೂ ಫ್ಲೋಟ್ ಆಗಿದ್ದು (ಅಂಚಿಗೆ ಸರಿದು ನಿಂತು), ಪುಟಕ್ಕೆ ಎಡಗಡೆ ಸೈಡ್‌ಬಾರ್ ಅಗಲದಷ್ಟು ಋಣ ಮಾರ್ಜಿನ್, ಅದರೊಳಗಿನ ಪ್ಯಾಡ್ ಎಂಬ ಡಿವ್‌ಗೆ ಅಷ್ಟೇ ಧನ ಮಾರ್ಜಿನ್ ಇದೆ. ಈ ನಾಲ್ಕನ್ನೂ ಕನ್ನಡಿಯಂತೆ ತಿರುಗಿಸಬೇಕು, ಹಳೆಯ ಎಡ ಮಾರ್ಜಿನ್‌ಗಳನ್ನು ಸೊನ್ನೆ ಮಾಡುವುದನ್ನೂ ಮರೆಯಬಾರದು. ಪುಟಕ್ಕೆ ಬರೆಯುವ ನಿಯಮಗಳ ಮುಂದೆ ಶೋಸೈಡ್‌ಬಾರ್ ಕ್ಲಾಸ್ ಸೇರಿಸಿ (ಅದರಲ್ಲಿ ಸೈಡ್‌ಬಾರ್‌ನ ಮೊದಲಕ್ಷರ ದೊಡ್ಡದು), ಇಲ್ಲವಾದರೆ ಸೈಡ್‌ಬಾರ್ ಇಲ್ಲದ ಪುಟದಲ್ಲೂ ಬಲಗಡೆ ಖಾಲಿ ಜಾಗ ಉಳಿಯುತ್ತದೆ. ಇದೆಲ್ಲವನ್ನೂ ಕನಿಷ್ಠ ಅಗಲ 801 ಪಿಕ್ಸೆಲ್ ಎಂಬ ಮೀಡಿಯಾ ಕ್ವೆರಿಯೊಳಗೆ (ಪರದೆಯ ಅಗಲ ನೋಡಿ ಅನ್ವಯಿಸುವ ನಿಯಮ) ಇಡಿ. ಸಣ್ಣ ಪರದೆಯಲ್ಲಿ ಫ್ಲೋಟ್ ತೆಗೆದು ಒಂದರ ಕೆಳಗೊಂದು ಜೋಡಿಸುವ ಕೆಲಸವನ್ನು ಟೆಂಪ್ಲೇಟು ತಾನೇ ಮಾಡುತ್ತದೆ, ಆದರೆ ನಿಮ್ಮ ಫೈಲು ಕೊನೆಯಲ್ಲಿ ಬರುವುದರಿಂದ ಅದನ್ನು ತುಳಿದುಹಾಕುತ್ತದೆ. ಕಂಪ್ಯೂಟರಿನಲ್ಲಿ ಚೆಂದ, ಫೋನಿನಲ್ಲಿ ಚಿಂದಿ ಎಂಬ ಸ್ಥಿತಿಗೆ ಹೆಚ್ಚಿನ ಸಲ ಇದೇ ಕಾರಣ.

ಮೇಲ್ಗಡೆಯ ತೋಟದ ಫೋಟೊವನ್ನೂ ಸಿಎಸ್‌ಎಸ್‌ನಿಂದಲೇ ಹಾಕುವುದು ಮೇಲು. ಟೆಂಪ್ಲೇಟು ಪುಟದ ಸ್ಥಿತಿಯನ್ನು ಕ್ಲಾಸ್‌ಗಳಾಗಿ ಬರೆಯುತ್ತದೆ. ಮುಖಪುಟಕ್ಕೆ ಮಾತ್ರ ಹೋಮ್ ಎಂಬ ಕ್ಲಾಸ್ ಸಿಗುತ್ತದೆ. ಹೋಮ್ ಒಳಗಿನ ಡೊಕುವಿಕಿ__ಹೆಡರ್‌ಗೆ ಹಿನ್ನೆಲೆ ಚಿತ್ರ ಕೊಟ್ಟು, ಅದನ್ನೂ 801 ಪಿಕ್ಸೆಲ್‌ನ ಮೀಡಿಯಾ ಕ್ವೆರಿಯೊಳಗೆ ಇಟ್ಟರೆ ಒಳಪುಟಗಳಿಗೂ ಫೋನುಗಳಿಗೂ ಆ ಚಿತ್ರ ಇಳಿಯುವುದೇ ಇಲ್ಲ. ಜೂನ್–ಜುಲೈನಲ್ಲಿ ಒಂದೇ ಕಡ್ಡಿ ಸಿಗ್ನಲ್‌ನಲ್ಲಿ ತೋಟದಿಂದ ಮಳೆ ಲೆಕ್ಕ ತುಂಬುವವರಿಗೆ ಇದರ ಬೆಲೆ ಗೊತ್ತು. ಚಿತ್ರ 1200 ಪಿಕ್ಸೆಲ್ ಅಗಲ, ಜೆಪೆಗ್ ಗುಣಮಟ್ಟ 75ರ ಸುಮಾರು, 150 ಕೆಬಿ ಒಳಗೆ ಇರಲಿ. ಕ್ಯಾಮೆರಾದಿಂದ ಬಂದ 4–5 ಎಂಬಿಯ ಫೈಲನ್ನು ಹಾಗೇ ಏರಿಸಬೇಡಿ. ಚಿತ್ರವನ್ನು ಕಾನ್ಫ್ ಫೋಲ್ಡರ್‌ನಲ್ಲಿ ಇಟ್ಟರೆ ಕಾಣುವುದಿಲ್ಲ: ಪಾಸ್‌ವರ್ಡ್ ಫೈಲು ಇರುವ ಫೋಲ್ಡರ್ ಅದು, ಹೊರಗಿನಿಂದ ಯಾರೂ ಓದದಂತೆ ಮುಚ್ಚಿರುತ್ತದೆ, ಮುಚ್ಚಿಯೇ ಇರಬೇಕು. ಮೀಡಿಯಾ ಮ್ಯಾನೇಜರ್‌ನಿಂದ ಏರಿಸಿ, ಲಿಬ್/ಎಕ್ಸ್‌ಇ/ಫೆಚ್.ಪಿಎಚ್‌ಪಿ ಮೂಲಕ ಬರುವ ಅದರ ಪೂರ್ತಿ ವಿಳಾಸವನ್ನು, ಮೊದಲ ಓರೆಗೆರೆಯಿಂದ ಹಿಡಿದು, ಸಿಎಸ್‌ಎಸ್‌ನಲ್ಲಿ ಬರೆಯಿರಿ.

ಈ ಫೈಲುಗಳೆಲ್ಲ ಒಟ್ಟಾಗಿ ಲೆಸ್ ಎಂಬ ಸಂಸ್ಕಾರಕದ ಮೂಲಕ ಹೋಗಿ ಒಂದೇ ಸಿಎಸ್‌ಎಸ್ ಆಗಿ ಹೊರಬರುತ್ತವೆ. ಇದರಿಂದ ಒಂದು ಅನುಕೂಲ: ಸ್ಟೈಲ್ ಸೆಟ್ಟಿಂಗ್‌ನ ಮೌಲ್ಯಗಳನ್ನು ನಿಮ್ಮ ಫೈಲಿನಲ್ಲೂ ಬಳಸಬಹುದು. 16 ಇಎಂ ಎಂದು ಬರೆಯುವ ಬದಲು @ಐಎನ್ಐ_ಸೈಡ್‌ಬಾರ್_ವಿಡ್ತ್ ಎಂದರೆ ನಾಳೆ ಅಗಲ ಬದಲಿಸಿದಾಗ ಇದೂ ಬದಲಾಗುತ್ತದೆ. ಅಪಾಯವೂ ಇದೆ. ಎಲ್ಲೋ ಒಂದು ಆವರಣ ಮುಚ್ಚದೆ ಬಿಟ್ಟರೆ ಇಡೀ ಸೈಟಿನ ವಿನ್ಯಾಸವೇ ಹೋಗಿ ಸಿಎಸ್‌ಎಸ್ ದೋಷದ ಸಂದೇಶ ಮಾತ್ರ ಕಾಣುತ್ತದೆ. ಗಾಬರಿ ಬೇಡ, ಯೂಸರ್‌ಸ್ಟೈಲ್ ಫೈಲಿನ ಹೆಸರು ಬದಲಿಸಿಟ್ಟರೆ ಎಲ್ಲ ವಾಪಸು ಬರುತ್ತದೆ. ಆಮೇಲೆ ನಿಧಾನವಾಗಿ ದೋಷ ಹುಡುಕಿ.

ಸಿಎಸ್‌ಎಸ್ ತಿದ್ದಿದರೂ ಬದಲಾವಣೆ ಕಾಣದಿದ್ದರೆ ಮೊದಲು ಬ್ರೌಸರ್‌ನಲ್ಲಿ ಕಂಟ್ರೋಲ್ ಎಫ್5 ಒತ್ತಿ. ಆಗದಿದ್ದರೆ ಕಾನ್ಫ್/ಲೋಕಲ್.ಪಿಎಚ್‌ಪಿಯ ದಿನಾಂಕ ಹೊಸದಾಗುವಂತೆ ಮಾಡಿ: ಕಾನ್ಫಿಗರೇಷನ್ ಪುಟಕ್ಕೆ ಹೋಗಿ ಏನೂ ಬದಲಿಸದೆ ಸೇವ್ ಒತ್ತಿದರೂ ಆಗುತ್ತದೆ. ಡೊಕುವಿಕಿ ತನ್ನ ಹಳೆಯ ಕ್ಯಾಶ್‌ಗಳನ್ನೆಲ್ಲ (ಮೊದಲೇ ಸಿದ್ಧಮಾಡಿ ಇಟ್ಟುಕೊಂಡ ಪ್ರತಿಗಳು) ಆಗ ಬಿಡುತ್ತದೆ. ಫೈಲು ಸರಿಯಿದ್ದು ಕ್ಯಾಶ್ ಹಳೆಯದಾಗಿದ್ದಾಗ ಇದನ್ನು ತಿಳಿಯದೆ ಕೋಡನ್ನೇ ಕೆಡಿಸಿಕೊಳ್ಳುವವರು ಹೆಚ್ಚು.

ಹುಕ್ ಫೈಲುಗಳ ವಿಷಯ ಸಣ್ಣದು. ಟೆಂಪ್ಲೇಟು ಕೆಲವು ನಿಗದಿತ ಜಾಗಗಳಲ್ಲಿ ನಿಗದಿತ ಹೆಸರಿನ ಫೈಲು ಇದ್ದರೆ ಅದನ್ನು ಸೇರಿಸಿಕೊಳ್ಳುತ್ತದೆ: ಮೆಟಾ.ಎಚ್‌ಟಿಎಂಎಲ್, ಹೆಡರ್.ಎಚ್‌ಟಿಎಂಎಲ್, ಪೇಜ್‌ಹೆಡರ್, ಪೇಜ್‌ಫೂಟರ್, ಸೈಡ್‌ಬಾರ್‌ಹೆಡರ್, ಸೈಡ್‌ಬಾರ್‌ಫೂಟರ್, ಫೂಟರ್. ಕೊನೆಯ ಐದಕ್ಕೂ ಬಾಲ ಎಚ್‌ಟಿಎಂಎಲ್ಲೇ. ಇವನ್ನು ಕಾನ್ಫ್ ಫೋಲ್ಡರ್‌ನಲ್ಲಿ ಇಡಿ. ಹಳೆಯ ಆವೃತ್ತಿಗಳು ಟೆಂಪ್ಲೇಟು ಫೋಲ್ಡರನ್ನಷ್ಟೇ ನೋಡುತ್ತಿದ್ದವು. ಹೆಸರು ಎಚ್‌ಟಿಎಂಎಲ್ ಎಂದಿದ್ದರೂ ಒಳಗೆ ಪಿಎಚ್‌ಪಿ ಬರೆದರೆ ಅದು ಓಡುತ್ತದೆ, ಆದ್ದರಿಂದ ಈ ಫೈಲುಗಳನ್ನು ತಿದ್ದುವ ಅವಕಾಶ ಯಾರಿಗಿದೆ ಎಂಬುದರ ಮೇಲೆ ಕಣ್ಣಿರಲಿ. ಇದರ ಬದಲು ಪುಟದೊಳಗೇ ಎಚ್‌ಟಿಎಂಎಲ್ ಬರೆಯಲು ಬಿಡುವ ಹಳೆಯ ಆಯ್ಕೆಯೊಂದಿತ್ತು. ಅದು ಅಪಾಯಕಾರಿ ಎಂದು ಇತ್ತೀಚಿನ ಆವೃತ್ತಿಗಳಲ್ಲಿ ತೆಗೆದುಹಾಕಿದ್ದಾರೆ. ನಿಮ್ಮ ಹಳೆಯ ಪುಟಗಳಲ್ಲಿ ಎಚ್‌ಟಿಎಂಎಲ್ ಟ್ಯಾಗುಗಳು ಅಕ್ಷರವಾಗಿಯೇ ಮೂಡುತ್ತಿದ್ದರೆ ಕಾರಣ ಅದೇ.

ಇಷ್ಟರ ಮೇಲೂ ಪುಟದ ರಚನೆಯೇ ಬದಲಾಗಬೇಕು ಎಂದಾಗ ಮಾತ್ರ ಟೆಂಪ್ಲೇಟು ನಕಲು ಮಾಡಿ. ಲಿಬ್/ಟಿಪಿಎಲ್/ಡೊಕುವಿಕಿ ಫೋಲ್ಡರನ್ನು ಲಿಬ್/ಟಿಪಿಎಲ್/ತೋಟ ಎಂದು ನಕಲಿಸಿ (ಇಂಗ್ಲಿಷಿನ ಸಣ್ಣ ಅಕ್ಷರ, ನಡುವೆ ಖಾಲಿ ಜಾಗ ಬೇಡ). ಒಳಗಿನ ಟೆಂಪ್ಲೇಟ್.ಇನ್ಫೋ.ಟಿಎಕ್ಸ್‌ಟಿ ತೆರೆದು ಬೇಸ್ ಎಂಬ ಸಾಲಿನಲ್ಲಿ ಫೋಲ್ಡರ್‌ನ ಹೊಸ ಹೆಸರನ್ನೇ ಬರೆಯಿರಿ, ಶೀರ್ಷಿಕೆ, ದಿನಾಂಕವನ್ನೂ ಬದಲಿಸಿ. ಬೇಸ್ ಹೊಂದದಿದ್ದರೆ ಎಕ್ಸ್‌ಟೆನ್ಷನ್ ಮ್ಯಾನೇಜರ್ ತಪ್ಪು ಫೋಲ್ಡರ್ ಎಂದು ಎಚ್ಚರಿಸುತ್ತದೆ. ಆಮೇಲೆ ಕಾನ್ಫಿಗರೇಷನ್‌ನಲ್ಲಿ ಟೆಂಪ್ಲೇಟು ಆರಿಸಿ. ಆರಿಸಿದ ಕೂಡಲೇ ಬಣ್ಣಗಳು ಮೂಲಕ್ಕೆ ಹೋದರೆ ಹೆದರಬೇಡಿ. ಸ್ಟೈಲ್ ಸೆಟ್ಟಿಂಗ್ ಒಂದೊಂದು ಟೆಂಪ್ಲೇಟಿಗೂ ಬೇರೆ, ಹಾಗಾಗಿ ಕಾನ್ಫ್/ಟಿಪಿಎಲ್/ಡೊಕುವಿಕಿಯ ಸ್ಟೈಲ್.ಐಎನ್ಐಯನ್ನು ಕಾನ್ಫ್/ಟಿಪಿಎಲ್/ತೋಟಕ್ಕೂ ನಕಲಿಸಬೇಕು.

ಫೋಲ್ಡರ್‌ನಲ್ಲಿ ಪಿಎಚ್‌ಪಿ ಫೈಲುಗಳು ಐದು. ಮೇನ್ ಮುಖ್ಯ ಪುಟಕ್ಕೆ, ಡೀಟೇಲ್ ಒಂದು ಚಿತ್ರದ ವಿವರದ ಪುಟಕ್ಕೆ, ಮೀಡಿಯಾಮ್ಯಾನೇಜರ್ ಚಿತ್ರ ಆರಿಸುವ ಸಣ್ಣ ಕಿಟಕಿಗೆ. ಟಿಪಿಎಲ್_ಹೆಡರ್, ಟಿಪಿಎಲ್_ಫೂಟರ್ ಎರಡನ್ನೂ ಮೇನ್ ಒಳಗೆ ಕರೆಯಲಾಗುತ್ತದೆ. ಡೀಟೇಲ್ ಮತ್ತು ಮೀಡಿಯಾಮ್ಯಾನೇಜರ್ ನಿಮ್ಮ ಫೋಲ್ಡರ್‌ನಲ್ಲಿ ಇಲ್ಲದಿದ್ದರೆ ಡೊಕುವಿಕಿ ಮೂಲ ಟೆಂಪ್ಲೇಟಿನದನ್ನು ಬಳಸುತ್ತದೆ. ಅವೆರಡನ್ನೂ ಅಳಿಸಿಬಿಟ್ಟರೂ ನಡೆಯುತ್ತದೆ, ನಿರ್ವಹಣೆ ಅಷ್ಟು ಕಡಿಮೆ.

ಈಗ ಮೇನ್.ಪಿಎಚ್‌ಪಿಯೊಳಗೆ. ಡಿವ್‌ಗಳನ್ನು ಹೇಗೆ ಬೇಕಾದರೂ ಅಡ್ಡಾದಿಡ್ಡಿ ಮಾಡಿಕೊಳ್ಳಿ, ಆದರೆ ಕೆಲವು ಸಾಲುಗಳು ನೋಡಲು ನಿರುಪಯೋಗಿಯಂತಿದ್ದರೂ ತೆಗೆಯಬಾರದವು. ನಿಮ್ಮವರು ಕತ್ತರಿಸಿದ್ದು ಅಂಥದ್ದೇ ಒಂದನ್ನು.

ಪುಟದ ಕೊನೆಯಲ್ಲಿ ಟಿಪಿಎಲ್_ಇಂಡೆಕ್ಸರ್‌ವೆಬ್‌ಬಗ್ ಎಂಬ ಕರೆ ಇರುತ್ತದೆ. ಕಣ್ಣಿಗೆ ಕಾಣದ ಒಂದು ಪಿಕ್ಸೆಲ್ ಚಿತ್ರವಷ್ಟೇ ಅದು, ಹೆಸರಿನಲ್ಲಿ ಬಗ್ ಎಂದು ಬೇರೆ ಇದೆ, ಕತ್ತರಿಸಿದವರನ್ನು ದೂರುವ ಹಾಗಿಲ್ಲ. ಆದರೆ ಡೊಕುವಿಕಿಯ ಹಿಂಬದಿ ಕೆಲಸಗಳೆಲ್ಲ ನಡೆಯುವುದು ಆ ಚಿತ್ರ ಇಳಿಯುವ ನೆಪದಲ್ಲಿ. ಯಾರಾದರೂ ಪುಟ ತೆರೆದಾಗ ಬ್ರೌಸರ್ ಆ ಚಿತ್ರ ಕೇಳುತ್ತದೆ, ಆಗ ಸರ್ವರ್ ಆ ಪುಟವನ್ನು ಹುಡುಕಾಟದ ಸೂಚಿಗೆ ಸೇರಿಸುತ್ತದೆ. ಸೈಟ್‌ಮ್ಯಾಪ್, ಚಂದಾದಾರರಿಗೆ ಹೋಗುವ ಬದಲಾವಣೆಗಳ ಮಿಂಚಂಚೆ ಕೂಡ ಅಲ್ಲಿಂದಲೇ. ಸಾಲು ಹೋದರೆ ಹಳೆಯ ಪುಟಗಳು ಹುಡುಕಾಟದಲ್ಲಿ ಸಿಗುತ್ತಲೇ ಇರುತ್ತವೆ, ಹೊಸವು ಸಿಗುವುದಿಲ್ಲ, ನೀವು ಹೇಳಿದ ಲಕ್ಷಣವೇ ಇದು. ಬಾಡಿ ಟ್ಯಾಗ್ ಮುಚ್ಚುವ ಮೊದಲು ಅದನ್ನು ವಾಪಸು ಸೇರಿಸಿ. ನಡುವೆ ಬಿಟ್ಟುಹೋದ ಪುಟಗಳು ಒಂದೊಂದಾಗಿ ತೆರೆದಾಗ ಸೇರಿಕೊಳ್ಳುತ್ತವೆ. ಅಷ್ಟು ಕಾಯಲಾಗದಿದ್ದರೆ ಸರ್ವರ್‌ನ ಕಮಾಂಡ್ ಸಾಲಿನಿಂದ ಬಿನ್/ಇಂಡೆಕ್ಸರ್.ಪಿಎಚ್‌ಪಿ ಓಡಿಸಿ, ಎಲ್ಲವೂ ಒಂದೇ ಸಲಕ್ಕೆ ಸೇರುತ್ತವೆ.

ಹೆಡ್ ಭಾಗದ ಟಿಪಿಎಲ್_ಮೆಟಾಹೆಡರ್ಸ್ ಹೋದರೆ ಸಿಎಸ್‌ಎಸ್ ಮತ್ತು ಜಾವಾಸ್ಕ್ರಿಪ್ಟ್ ಎರಡೂ ಬರುವುದಿಲ್ಲ. ಸಿಎಸ್‌ಎಸ್ ಅನ್ನು ಕೈಯಲ್ಲೇ ಸೇರಿಸಿಕೊಂಡವರಿಗೆ ಪುಟ ಸರಿಯಾಗಿಯೇ ಕಾಣುತ್ತದೆ. ಆದರೆ ತಿದ್ದುವಾಗ ಮೇಲಿನ ಗುಂಡಿಗಳು ಇರುವುದಿಲ್ಲ, ಕರಡು ತಾನಾಗಿ ಉಳಿಯುವುದಿಲ್ಲ. ಕರೆಂಟು ಹೋಗಿ ಬರುವ ಊರಿನಲ್ಲಿ ಆ ಕರಡು ಇಲ್ಲದಿದ್ದರೆ ಕಷ್ಟ. ಎಚ್‌ಟಿಎಂಎಲ್_ಎಂಎಸ್‌ಜಿಏರಿಯಾ ತೆಗೆದರೆ ದೋಷದ ಸಂದೇಶಗಳು ಕಾಣುವುದಿಲ್ಲ. ಪಾಸ್‌ವರ್ಡ್ ತಪ್ಪಾದರೂ ಪುಟ ಸುಮ್ಮನೆ ಇರುತ್ತದೆ. ಕೊನೆಯಲ್ಲಿ ಸ್ಕ್ರೀನ್__ಮೋಡ್ ಎಂಬ ಐಡಿಯ ಖಾಲಿ ಡಿವ್ ಒಂದಿದೆ. ಪರದೆ ಫೋನಿನದೋ ಟ್ಯಾಬ್ಲೆಟ್ಟಿನದೋ ಎಂದು ಟೆಂಪ್ಲೇಟಿನ ಸ್ಕ್ರಿಪ್ಟ್ ತಿಳಿಯುವುದು ಅದಕ್ಕೆ ಸಿಎಸ್‌ಎಸ್ ಕೊಟ್ಟ ಬೆಲೆ ನೋಡಿ. ಅದನ್ನು ತೆಗೆದರೆ ಫೋನಿನಲ್ಲಿ ಸೈಡ್‌ಬಾರ್ ಮಡಚಿಕೊಳ್ಳದೆ ಇಡೀ ಪರದೆ ತುಂಬಿ, ಪುಟದ ಬರಹ ಅದರ ಕೆಳಗೆಲ್ಲೋ ಸೇರುತ್ತದೆ. ಹೊರಗಿನ ಡಿವ್‌ನಲ್ಲಿರುವ ಟಿಪಿಎಲ್_ಕ್ಲಾಸಸ್ ಕರೆಯೂ ಇರಲೇಬೇಕು. ಡೊಕುವಿಕಿ ಎಂಬ ಕ್ಲಾಸ್ ಬರುವುದು ಅದರಿಂದ, ಪ್ಲಗಿನ್‌ಗಳ ಸಿಎಸ್‌ಎಸ್ ಬಹುಪಾಲು ಆ ಕ್ಲಾಸನ್ನೇ ನಂಬಿ ಬರೆದದ್ದು.

ಪುಟದ ಬರಹ ಬರುವ ಡಿವ್‌ನ ಕ್ಲಾಸ್ ಪೇಜ್. ಅದಕ್ಕೆ ಲ್ಯಾಂಗ್ ಎಂಬ ಗುಣ ಸೇರಿಸಿ ಬೆಲೆ ಕೆಎನ್ ಎಂದು ಕೊಡಿ. ವಿಕಿಯ ಗುಂಡಿಗಳ ಭಾಷೆ ಇಂಗ್ಲಿಷ್ ಎಂದಿದ್ದರೆ ಇಡೀ ಪುಟವೇ ಇಂಗ್ಲಿಷ್ ಎಂದು ಘೋಷಣೆಯಾಗಿರುತ್ತದೆ, ಓದಿ ಹೇಳುವ ತಂತ್ರಾಂಶಗಳು ಕನ್ನಡವನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೋಗಿ ತಡವರಿಸುತ್ತವೆ.

ಪರಿವಿಡಿಯನ್ನು ಪುಟದಿಂದ ತೆಗೆದು ಸೈಡ್‌ಬಾರ್‌ಗೆ ಹಾಕಬೇಕೆಂದರೆ ಸ್ವಲ್ಪ ಉಪಾಯ ಬೇಕು. ಟಿಪಿಎಲ್_ಕಂಟೆಂಟ್ ಕರೆಗೆ ಫಾಲ್ಸ್ ಕೊಟ್ಟರೆ ಪರಿವಿಡಿ ಇಲ್ಲದ ಬರಹ ಬರುತ್ತದೆ, ಟಿಪಿಎಲ್_ಟಿಒಸಿ ಪರಿವಿಡಿಯನ್ನು ಬೇರೆಯಾಗಿ ಕೊಡುತ್ತದೆ. ಆದರೆ ಬರಹ ಸಿದ್ಧವಾದ ಮೇಲೆಯೇ ಪರಿವಿಡಿ ಸಿದ್ಧವಾಗುವುದು, ಸೈಡ್‌ಬಾರ್ ಇರುವುದು ಬರಹಕ್ಕಿಂತ ಮೊದಲು. ಅದಕ್ಕೆ ಫೈಲಿನ ಮೇಲ್ಭಾಗದಲ್ಲೇ ಒಬಿ_ಸ್ಟಾರ್ಟ್ ಕರೆದು, ಟಿಪಿಎಲ್_ಕಂಟೆಂಟ್ ಓಡಿಸಿ, ಒಬಿ_ಗೆಟ್_ಕ್ಲೀನ್‌ನಿಂದ ಬಂದದ್ದನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದಿಡಿ. ಸೈಡ್‌ಬಾರ್ ಜಾಗದಲ್ಲಿ ಟಿಪಿಎಲ್_ಟಿಒಸಿ, ಬರಹದ ಜಾಗದಲ್ಲಿ ಆ ವೇರಿಯಬಲ್‌ನ ಎಕೋ. ಫಾಲ್ಸ್ ಕೊಡಲು ಮರೆತರೆ ಒಂದೇ ಐಡಿಯ ಎರಡು ಪರಿವಿಡಿ ಬಂದು ಮಡಚುವ ಗುಂಡಿ ಕೆಡುತ್ತದೆ.

ಬಿಳಿ ಪುಟ ಬಂದಾಗ ವಿಕಿಯೊಳಗೆ ಹೋಗಲು ದಾರಿಯಿಲ್ಲ ಎಂದು ತಿಳಿಯಬೇಡಿ. ಎಫ್‌ಟಿಪಿ ಅಥವಾ ಹೋಸ್ಟಿಂಗ್‌ನ ಫೈಲ್ ಮ್ಯಾನೇಜರ್‌ನಿಂದ ಕಾನ್ಫ್/ಲೋಕಲ್.ಪಿಎಚ್‌ಪಿ ತೆರೆದು ಟೆಂಪ್ಲೇಟ್ ಎಂಬ ಸಾಲಿನ ಬೆಲೆಯನ್ನು ಡೊಕುವಿಕಿ ಎಂದು ಬದಲಿಸಿದರೆ ಸೈಟು ಎದ್ದು ನಿಲ್ಲುತ್ತದೆ. ದೋಷ ಏನೆಂದು ನೋಡಲು ಹೋಸ್ಟಿಂಗ್‌ನ ಎರರ್ ಲಾಗ್ ಇದೆ; ಇತ್ತೀಚಿನ ಆವೃತ್ತಿಗಳಲ್ಲಿ ಡೇಟಾ/ಲಾಗ್/ಎರರ್ ಫೋಲ್ಡರ್‌ನಲ್ಲೂ ದಿನಕ್ಕೊಂದು ಫೈಲು ಇರುತ್ತದೆ. ಕೊನೆಯ ನಮೂದಿನಲ್ಲೇ ಫೈಲಿನ ಹೆಸರು, ಸಾಲಿನ ಸಂಖ್ಯೆ ಸಿಗುತ್ತದೆ.

ಹಳೆಯ ಮೇನ್.ಪಿಎಚ್‌ಪಿ ಹೊಸ ಸರ್ವರ್‌ನಲ್ಲಿ ಕೆಡಲು ಕಾರಣಗಳು ಊಹಿಸಬಹುದಾದವೇ. ಪಿಎಚ್‌ಪಿ 8ರಲ್ಲಿ ಉದ್ಧರಣ ಚಿಹ್ನೆಯಿಲ್ಲದ ಅರೇ ಕೀಲಿಗಳು ಮಾರಕ ದೋಷ. 7ರಲ್ಲಿ ಅದು ಬರೀ ಎಚ್ಚರಿಕೆಯಾಗಿತ್ತು, ಪುಟ ಬರುತ್ತಿತ್ತು. ಈಚ್, ಕ್ರಿಯೇಟ್_ಫಂಕ್ಷನ್ ಮುಂತಾದ ಫಂಕ್ಷನ್‌ಗಳನ್ನು 8ರಲ್ಲಿ ತೆಗೆದಿದ್ದಾರೆ. ಡೊಕುವಿಕಿಯ ಕಡೆಯಿಂದಲೂ ಬದಲಾವಣೆಯಿದೆ: ತಿದ್ದು, ಹಳೆಯ ಪ್ರತಿ, ಲಾಗಿನ್ ಮುಂತಾದ ಗುಂಡಿಗಳನ್ನು ಮೂಡಿಸುವ ಹಳೆಯ ಫಂಕ್ಷನ್‌ಗಳ ಜಾಗಕ್ಕೆ 2018ರ ಆವೃತ್ತಿಯಿಂದ ಮೆನು ಕ್ಲಾಸ್‌ಗಳು ಬಂದಿವೆ. ಹಾಗಾಗಿ ಹಳೆಯ ಫೈಲನ್ನು ರಿಪೇರಿ ಮಾಡುತ್ತ ಕೂರಬೇಡಿ. ಹೊಸ ಮೇನ್.ಪಿಎಚ್‌ಪಿಯ ನಕಲಿನಿಂದ ಶುರುಮಾಡಿ, ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡು ಬೇಕಾದ ಡಿವ್‌ಗಳನ್ನಷ್ಟೇ ತನ್ನಿ. ಇನ್ನೊಂದು ಸಣ್ಣ ಬಲೆ: ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಉಳಿಸುವಾಗ ಯುಟಿಎಫ್-8 ವಿತ್ ಬಿಒಎಂ ಆರಿಸಿದರೆ ಫೈಲಿನ ತಲೆಯಲ್ಲಿ ಕಾಣದ ಮೂರು ಬೈಟು ಸೇರುತ್ತವೆ. ಲೋಕಲ್.ಪಿಎಚ್‌ಪಿಯಂಥ ಮೊದಲೇ ಓಡುವ ಫೈಲಿಗೆ ಅವು ಸೇರಿದರೆ ಹೆಡರ್ ಮೊದಲೇ ಕಳಿಸಲಾಗಿದೆ ಎಂಬ ದೂರು ಬಂದು ಲಾಗಿನ್ ಕೆಡುತ್ತದೆ. ಬಿಒಎಂ ಇಲ್ಲದ ಯುಟಿಎಫ್-8 ಆರಿಸಿ.

ಪ್ರಯೋಗವನ್ನು ನೇರ ಸೈಟಿನ ಮೇಲೆ ಮಾಡುವ ಅಗತ್ಯವೇ ಇಲ್ಲ. ಡೊಕುವಿಕಿಗೆ ಡೇಟಾಬೇಸ್ ಇಲ್ಲ, ಎಲ್ಲವೂ ಫೈಲುಗಳು. ಇಡೀ ಫೋಲ್ಡರನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡು, ಪಿಎಚ್‌ಪಿ ಇದ್ದರೆ ಆ ಫೋಲ್ಡರ್‌ನಲ್ಲಿ ಪಿಎಚ್‌ಪಿ -ಎಸ್ ಲೋಕಲ್‌ಹೋಸ್ಟ್:8000 ಎಂದು ಕೊಟ್ಟರೆ (ಎಸ್ ದೊಡ್ಡಕ್ಷರ) ನಿಮ್ಮ ವಿಕಿ ಅಲ್ಲೇ ಓಡುತ್ತದೆ. ಪಿಎಚ್‌ಪಿ ಹಾಕಿಕೊಳ್ಳುವ ತಲೆನೋವು ಬೇಡವೆಂದರೆ ವಿಂಡೋಸ್‌ಗೆ ಪೆನ್‌ಡ್ರೈವ್‌ನಿಂದಲೇ ಓಡುವ ಡೊಕುವಿಕಿ ಸಿಗುತ್ತದೆ. ಮಳೆಗಾಲದಲ್ಲಿ ನೆಟ್‌ವರ್ಕ್ ಇಲ್ಲದ ದಿನಗಳು ಈ ಕೆಲಸಕ್ಕೆ ಒಳ್ಳೆಯವು. ಫೈಲು ಏರಿಸುವ ಮೊದಲು ಪಿಎಚ್‌ಪಿ -ಎಲ್ ಮತ್ತು ಫೈಲಿನ ಹೆಸರು ಕೊಟ್ಟು (ಈ ಎಲ್ ಸಣ್ಣಕ್ಷರ) ವ್ಯಾಕರಣ ದೋಷವಿಲ್ಲವೆಂದು ನೋಡಿಕೊಳ್ಳಿ.

ಟೆಂಪ್ಲೇಟು ನಕಲು ಮಾಡಿದವರು ಪ್ರತಿ ಹೊಸ ಆವೃತ್ತಿಯಲ್ಲೂ ಒಂದು ಕೆಲಸ ಮಾಡಬೇಕು. ಮೂಲ ಟೆಂಪ್ಲೇಟಿನ ಹಳೆಯ ಮತ್ತು ಹೊಸ ಪ್ರತಿಗಳನ್ನು ವಿನ್‌ಮರ್ಜ್ ಅಥವಾ ಮೆಲ್ಡ್‌ನಲ್ಲಿ ಹೋಲಿಸಿ, ಅವುಗಳ ನಡುವೆ ಬದಲಾದ ಸಾಲುಗಳನ್ನು ನಿಮ್ಮ ತೋಟ ಫೋಲ್ಡರ್‌ಗೂ ತರಬೇಕು. ಇದಕ್ಕೆ ಹಳೆಯ ಮೂಲ ಪ್ರತಿ ಕೈಯಲ್ಲಿರಬೇಕು, ಆವೃತ್ತಿ ಏರಿಸುವ ಮೊದಲು ಲಿಬ್/ಟಿಪಿಎಲ್/ಡೊಕುವಿಕಿಯನ್ನು ಪಕ್ಕಕ್ಕೆ ನಕಲಿಸಿಡಿ. ನಿಮ್ಮ ಗುಂಪಿನಲ್ಲಿ ಇದನ್ನು ಮಾಡುವವರು ಇಲ್ಲ ಎಂದಾದರೆ ನಕಲಿನ ಹಂತಕ್ಕೆ ಇಳಿಯಲೇಬೇಡಿ. ನೀವು ಬರೆದ ಪಟ್ಟಿಯ ಮಟ್ಟಿಗೆ ನಾಲ್ಕು ಸೈಡ್‌ಬಾರ್ ಪುಟ, ಒಂದು ಯೂಸರ್‌ಸ್ಟೈಲ್ ಫೈಲು, ಮೂಲದ ಕೈಮುಟ್ಟದ ಮೇನ್.ಪಿಎಚ್‌ಪಿ ಸಾಕು.